ಸಡಿಲು ತಂತಿ

ಮುಂದಿನ ಸಾಲಿನ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುತ್ತಿದ್ದಾಳೆ, ಬಾಜೂದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾಳೆ, ಇನ್ನೇನು ಹೇಳುತ್ತಾಳೆ, ಈಕಿ ಬೇಸುರ ಹಾಡಾಕತ್ತಾಳ ಅಂತ, ಹೋದ ವಾರ ಮೂಡಲಗಿಯಲ್ಲಿ ನಕ್ಕರು, ಇವತ್ತು ಹುಕ್ಕೇರಿಯ ಮದುವೆ ಮಂಟಪ — ಸೋನಾಲಿ ಮೈಕು ಬಿಗಿಹಿಡಿದು ಪಲ್ಲವಿಗೆ ಬಂದಳು, ಸ್ವರ ಸರಿಯಾಗಿಯೇ ಹಿಡಿದಿದ್ದಾಳೆ, ಕೀಬೋರ್ಡಿಗೆ ಕೂಡುತ್ತಿದೆ, ಏರುತ್ತಿರುವುದು ಗಿಟಾರು, ಗಂಡನ ಗಿಟಾರು, ತಂತಿ ಒತ್ತಿದ ಅವನ ಬೆರಳಿನ ಉಗುರು ಬೆಳ್ಳಗಾಗಿದೆ. ಥೈರಾಯ್ಡ್ ಆಪರೇಷನ್ ಆಗಿ ಅವಳ ದನಿ ಕೆಳಗಿಳಿದು ಕೂತಾಗ ಗಂಡ ಧನ್ಯಕುಮಾರನೇ ಅಲ್ಲವೇ ಅಂದದ್ದು, ಚಿಂತಿ ಮಾಡಬ್ಯಾಡ, ನಿನ್ನ ಸಲುವಾಗಿ ತಂತಿ ಸಡಿಲ ಬಿಟ್ಟು ಶ್ರುತಿ ಪಟ್ಟಿ ಇಳಸ್ತೇನಿ, ಗೋಕಾಕದ ಆರ್ಕೆಸ್ಟ್ರಾ ನಡೆಸುವ ಶಿದ್ರಾಮ, ಪುಣ್ಯಾ ಮಾಡೀರಿ ವೈನಿ, ಇಂಥಾ ಗಂಡ ಯಾರಿಗಿ ಸಿಗ್ತಾನ ಅಂದಿದ್ದ, ಅವಳೂ ಹಿಗ್ಗಿದ್ದಳು — ಆದರೆ ತಂತಿ ಅವೇ, ಮೊದಲಿನ ಸಪೂರ ತಂತಿ, ಇಳಿಸಿದರೆ ಹಳೇ ಹೊರಸಿನ ನುಲಿಯ ಹಾಗೆ ಜೋಲುತ್ತವೆ, ಬರಿದೆ ಮೀಟಿದರೆ ಸರಿ, ಬೆರಳು ತುಸು ಜೋರಾಗಿ ಒತ್ತಿತೋ ಸ್ವರ ಮೇಲಕ್ಕೆ ಹೋಗಿಬಿಡುತ್ತದೆ. ದಪ್ಪ ತಂತಿ ಹಾಕ್ರಿ, ತಂತಿ ಬುಡದ ಕುದುರಿ ಒಂಚೂರ ಹಿಂದ ಸರಸ್ರಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಡಿಕೊಂಡಿದ್ದಳು, ಅವನು ಬಸಿಯಲ್ಲಿ ಚಹಾ ಆರಿಸುತ್ತ, ದಪ್ಪ ತಂತಿ ನಿಮ್ಮಪ್ಪ ಬಂದು ಒತ್ತತಾನೇನ, ನಾಕ ಮಂದಿ ಚಪ್ಪಾಳಿ ಹೊಡದ್ರಂತ ತಲಿಮ್ಯಾಲ ಕುಂತೀದಿ, ಗಂಟಲಾ ಕೊಯ್ಸಿಕೊಂಡಾತಲ್ಲ, ಇನ್ನರೆ ಸುಮ್ನ ಮನ್ಯಾಗ ಕುಂಡ್ರು. ಆಗಲೂ ತಂತಿಯದೇ ತಪ್ಪೆಂದು ನಂಬಿದ್ದಳು, ಸಪೂರ ತಂತಿ, ಅವನಾದರೂ ಏನು ಮಾಡಿಯಾನು — ಈಗ ಅರ್ಧ ತಾಸಿನ ಹಿಂದಿನವರೆಗೂ ನಂಬಿದ್ದಳು, ಭಕ್ತಿ ಎಂಬ ಹೊಸ ಹುಡುಗಿ ಹಾಡಲು ಎದ್ದಾಗ, ತಂತಿ ಮತ್ತ ಬಿಗಿಯಾಕ ಹೊತ್ತಿಲ್ಲ ತಂಗಿ, ಇದ ಪಟ್ಟಿಯೊಳಗ ಹಾಡಿಬಿಡು ಎಂದ ಶಿದ್ರಾಮ, ಅದೇ ಗಿಟಾರು, ಅವೇ ಜೋಲುವ ತಂತಿ, ಸೋನಾಲಿ ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದಳು, ಅವನ ಬೆರಳು ಕೂಸಿನ ಗಲ್ಲ ಮುಟ್ಟಿದಷ್ಟೇ ಹಗುರ, ಉಗುರು ಕೆಂಪಗೆ, ಒಂದು ಸ್ವರವೂ ಕದಲಲಿಲ್ಲ. ಹಾಡು ಮುಗಿಯಿತು, ಜನ ಮತ್ತೊಂದು ಮತ್ತೊಂದು ಎಂದರು, ಶಿದ್ರಾಮ ಸೋನಾಲಿಯ ಹತ್ತಿರ ಬಂದು ಬಗ್ಗಿ, ವೈನಿ, ಇದೊಂದ ಹಾಡಿಬಿಡ್ರಿ, ಇದು ನೆಟ್ಟಗಾದ್ರ ಮುಂದಿಂದು ನೋಡೂಣು, ಇಲ್ಲಂದ್ರ ಇನ್ನಮ್ಯಾಲ ಭಕ್ತಿನ ಬರ್ಲಿ. ಇದೊಂದು — ಅದನ್ನೇ ಹಾಡುತ್ತಿದ್ದಾಳೆ, ಚರಣ ಬಂತು, ದನಿಯನ್ನು ಕೂದಲೆಳೆಯಷ್ಟು ಏರಿಸಿ ಅವನಿಗೆ ಕೂಡಿಸಿದಳು, ಹೋಗಲಿ, ಅವನ ಸ್ವರಕ್ಕೇ ಹಾಡುತ್ತೇನೆ, ಕೀಬೋರ್ಡು ಬಿಟ್ಟರೆ ಬಿಡಲಿ, ಅವನಿಗೆ ಕೇಳಿಸಿತು, ಕೇಳಿಸದೆ ಇರುತ್ತದೆಯೇ, ಅವನ ಕಿವಿ ಅಂಥದು, ತಿರುಗಿ ನೋಡಿ ಮಂದಿಗೆ ಕಾಣುವ ಹಾಗೆ ನಕ್ಕ, ಎಂಥ ಮುದ್ದಿನ ಗಂಡ, ಶಿದ್ರಾಮ ಇಲ್ಲವೆಂಬಂತೆ ತಲೆಯಾಡಿಸುತ್ತ ಭಕ್ತಿಯ ಕಡೆ ನಡೆದ, ಗಂಡನ ಬೆರಳು ಇನ್ನೂ ಒತ್ತಿತು, ಇನ್ನೂ, ಇವತ್ತು ಮುಂಜಾನೆ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಂತಿಗೆ ಸಿಕ್ಕಿ ನೋವಾಗದಿರಲೆಂದು, ಅವಳೇ ಕತ್ತರಿಸಿದ ಉಗುರು, ಬೆಳ್ಳಗೆ, ರಕ್ತವಿಲ್ಲದ ಹಾಗೆ ಬೆಳ್ಳಗೆ —