ಹಸಿರು ಗೇಟು, ಎರಡನೇ ಮಹಡಿ

ನನ್ನ ಬಾಯಿಗೆ ಬೀಗವಿಲ್ಲ. ರಾಮಮೂರ್ತಿ ನಗರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮಾರಕ್ಕನ ಸಹವಾಸ ಬೇಡ, ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ ಅಂತ. ಮಾತಾಡುತ್ತೇನೆ, ಏನೀಗ? ನಮ್ಮಪ್ಪನ ರಾಗಿ ಹೊಲವನ್ನು ಅಣ್ಣಂದಿರಿಬ್ಬರೂ ಸೈಟು ಮಾಡಿ ಹಂಚಿಕೊಂಡು, ಇಲ್ಲಿ ಸಹಿ ಹಾಕು ಅಂತ ಕಾಗದ ತಂದ ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ತಲೆಯ ಮೇಲೆ ಸೂರಿರುತ್ತಿರಲಿಲ್ಲ. ಕೋರ್ಟಿಗೆ ಹೋದೆ. ಪಾಲು ಬಂತು, ಮನೆ ಕಟ್ಟಿದೆ, ಮೇಲಿನ ಎರಡು ಮಹಡಿ ಬಾಡಿಗೆಗೆ ಬಿಟ್ಟೆ. ತವರು ಹೋಯಿತು. ಗಂಡ ಅನ್ನಿಸಿಕೊಂಡವನು ಅದಕ್ಕೂ ಮೊದಲೇ ಮಾಲೂರಿನಲ್ಲಿ ಇನ್ನೊಂದು ಸಂಸಾರ ಹೂಡಿದ್ದ. ಮಕ್ಕಳಿಲ್ಲ.

ಹನ್ನೊಂದು ವರ್ಷದಿಂದ ಗೌರಿ ಹಬ್ಬಕ್ಕೆ ನನಗೆ ಬಾಗಿನ ಬಂದಿಲ್ಲ. ಬೀದಿಯ ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರು ಬಳೆ, ಅರಿಶಿನ, ಕುಂಕುಮ, ಕಾಯಿ, ರವಿಕೆ ಕಣ ಇಟ್ಟ ಮೊರ ಹಿಡಿದು ಬರುವಾಗ ನಾನು ಬಾಗಿಲು ಹಾಕಿಕೊಂಡು ಟಿವಿ ಜೋರು ಮಾಡಿ ಕೂತಿರುತ್ತೇನೆ. ಅಳುವುದು ಯಾರಿಗೂ ಕೇಳಿಸಬಾರದು ನೋಡಿ.

ಶ್ವೇತ ಬಾಡಿಗೆಗೆ ಬಂದದ್ದು ಎರಡು ವರ್ಷದ ಕೆಳಗೆ. ಇಪ್ಪತ್ತೆಂಟರ ಹುಡುಗಿ, ಮುಳಬಾಗಿಲು ಕಡೆಯವಳು, ಮಹದೇವಪುರದ ಒಂದು ಕಂಪನಿಯಲ್ಲಿ ಕೆಲಸ. ಆಧಾರ್ ಜೆರಾಕ್ಸ್ ಕೊಡಮ್ಮ ಅಂದರೆ, ಅದರ ಮೇಲೆ ಅಡ್ಡಡ್ಡ ‘ಬಾಡಿಗೆ ಕರಾರಿಗೆ ಮಾತ್ರ’ ಅಂತ ಬರೆದು ತಾರೀಖು ಹಾಕಿ ಕೊಟ್ಟಳು. ನನಗೆ ಪಿತ್ತ ನೆತ್ತಿಗೇರಿತು. ನಾನೇನು ನಿನ್ನ ಹೆಸರಲ್ಲಿ ಸಾಲ ಎತ್ತುತ್ತೇನಾ ಅಂತ ಕೇಳಿದೆ. ಅವಳು ನಕ್ಕಳು. ತನ್ನ ಕೆಲಸವೇ ಅದಂತೆ. ನಮ್ಮ ಹೆಸರು, ನಂಬರು ಅಳಿಸಿ ಅಂತ ಜನ ಕಂಪನಿಗೆ ಬರೆಯುತ್ತಾರೆ. ಇವಳು ಅದನ್ನು ಅಳಿಸಿ ಉತ್ತರ ಕೊಡಬೇಕು. ಒಂದು ಕೆಲಸಕ್ಕೆ ಅಂತ ತೆಗೆದುಕೊಂಡ ವಿವರವನ್ನು ಕೇಳದೆ ಇನ್ನೊಂದಕ್ಕೆ ಬಳಸಬಾರದು ಅಂತ ಹೊಸ ಕಾನೂನೇ ಬಂದಿದೆಯಂತೆ. ನನ್ನ ಹತ್ತಿರ ಅವಳು ಕೇಳಿಕೊಂಡದ್ದು ಒಂದೇ: ತಾನು ಇಲ್ಲಿರುವುದು ಯಾರಿಗೂ ಗೊತ್ತಾಗಬಾರದು. ಮದುವೆಯಾಗಿದೆ, ಗಂಡನ ಜೊತೆ ಇಲ್ಲ ಅಂದಳು. ಗಂಡ ಬಿಟ್ಟವಳನ್ನು ಗಂಡ ಬಿಟ್ಟವಳು ಏನು ಕೇಳುವುದು? ಹೆಚ್ಚು ಕೆದಕಲಿಲ್ಲ.

ಕೆಲಸದಿಂದ ಬಂದವಳು ಮೆಟ್ಟಿಲು ಹತ್ತುವ ಮೊದಲು ನನ್ನ ಬಾಗಿಲಲ್ಲಿ ತಲೆ ಹಾಕಿ, “ಊಟ ಆಯ್ತಾ ಮಾರಕ್ಕ?” ಅನ್ನುತ್ತಿದ್ದಳು. ಆಗದಿದ್ದರೂ ಆಯಿತು ಅನ್ನುತ್ತಿದ್ದೆ. ಆಮೇಲೆ ಆಯಿತು ಅನ್ನುವುದನ್ನು ಬಿಟ್ಟೆ. ಇಬ್ಬರಿಗೂ ಮುದ್ದೆ ಕಟ್ಟತೊಡಗಿದೆ. ಆ ಒಂದು ಮಾತಿಗೆ ನಾನು ಸಾಯಂಕಾಲ ಪೂರ್ತಿ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಹೋದ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಫೋನ್ ಬಂತು. ಜಗನ್ ಅಂತೆ, ಶ್ವೇತನ ಅಣ್ಣನಂತೆ. ನಯವಾದ ದನಿ. ನನ್ನ ನಂಬರು ಅವಳ ಆಫೀಸಿನಲ್ಲಿ ಸಿಕ್ಕಿತು ಅಂದ. ನಾನು ಯಾವ ಶ್ವೇತನೂ ಗೊತ್ತಿಲ್ಲ ಅಂದೆ, ದೇವರಾಣೆ ಮೊದಲು ಹಾಗೇ ಅಂದೆ. ಆಗ ಅವನು ಹೇಳಿದ:

“ತಂಗಿಗೆ ಬಾಗಿನ ಕೊಟ್ಟು ಮೂರು ವರ್ಷ ಆಯ್ತಮ್ಮ. ನಮ್ಮಮ್ಮ ದಿನಾ ಅಳ್ತಾಳೆ. ಹಬ್ಬದ ದಿನ ಬಂದು ಮೊರ ಕೊಟ್ಟು, ಅವಳ ಕೈಲಿ ಒಂದ್ಲೋಟ ನೀರು ಕುಡ್ದು ಹೋಗ್ತೀನಿ.”

ಇಂಥ ಮಾತು ನನ್ನ ಅಣ್ಣಂದಿರ ಬಾಯಲ್ಲಿ ಒಂದು ಸಲ, ಒಂದೇ ಒಂದು ಸಲ ಬಂದಿದ್ದರೆ ಅನ್ನಿಸಿತು. ಈ ಹುಡುಗಿಗಾದರೂ ತವರು ಮನೆ ಬಾಗಿಲಿಗೆ ಬರಲಿ ಅಂದುಕೊಂಡೆ. ಎಲ್ಲಾ ಹೇಳಿದೆ. ಯಾವ ಕ್ರಾಸು, ಅಂಬಣ್ಣನ ದಿನಸಿ ಅಂಗಡಿ ಎದುರು, ಹಸಿರು ಗೇಟು, ಎರಡನೇ ಮಹಡಿ. ಹಬ್ಬಕ್ಕೆ ರಜ ಇದೆ, ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ಮನೆಯಲ್ಲೇ ಸಿಗುತ್ತಾಳೆ ಅಂತಲೂ ಕೇಳದೆಯೇ ಹೇಳಿದೆ. ಅವಳಿಗೆ ಹೇಳದೆ ಮುಚ್ಚಿಟ್ಟು, ಹಬ್ಬದ ದಿನ ಒಬ್ಬಟ್ಟಿಗೆ ಬೇಳೆ ಹೆಚ್ಚಾಗಿಯೇ ಬೇಯಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂಬತ್ತಕ್ಕೆ ಕಾರು ನಿಂತಿತು. ಇಬ್ಬರು ಇಳಿದರು. ನಾನು ಮೊದಲು ನೋಡಿದ್ದು ಕೈ. ಯಾರ ಕೈಯಲ್ಲೂ ಮೊರ ಇರಲಿಲ್ಲ. ಕಾರಿನಲ್ಲಿರಬೇಕು ಅಂದುಕೊಳ್ಳುವಷ್ಟರಲ್ಲಿ ಇಬ್ಬರೂ ನನ್ನನ್ನು ದಾಟಿ ಮೆಟ್ಟಿಲು ಹತ್ತಿಬಿಟ್ಟಿದ್ದರು. ಮೇಲಿನಿಂದ ಶ್ವೇತ ಕಿರುಚಿದಳು.

ಮಂಡಿನೋವು ಎಲ್ಲಿ ಹೋಯಿತೋ, ಓಡಿದೆ. ಒಬ್ಬ ಅವಳ ಜಡೆ ಹಿಡಿದು ಹೊರಗೆ ಎಳೆಯುತ್ತಿದ್ದ. ಅವನೇ ಗಂಡ. ಜಗನ್ ಅವಳ ಕೈ ತಿರುಚಿ ಹಿಡಿದಿದ್ದ. ನಾನು ಬಾಗಿಲಿಗೆ ಅಡ್ಡ ನಿಂತು ಬೀದಿ ಸೇರುವ ಹಾಗೆ ಕೂಗಿಕೊಂಡೆ. ಅಂಬಣ್ಣ ಅಂಗಡಿಯಿಂದಲೇ ಪೊಲೀಸರಿಗೆ ಫೋನ್ ಮಾಡಿದ. ಪೊಲೀಸ್ ಗಾಡಿ ಬಂತು. ಹೆಸರು ಬರೆದುಕೊಂಡು, ಗದರಿಸಿ, ಇಬ್ಬರನ್ನೂ ಕಳಿಸಿದರು. ಹೋಗುವಾಗ ಜಗನ್ ಇಡೀ ಬೀದಿಯ ಮುಂದೆ ನನ್ನ ಕಡೆ ತಿರುಗಿ, “ಅಡ್ರೆಸ್ ಕೊಟ್ಟಿದ್ದು ನೀವೇ ಅಲ್ವೇನಮ್ಮ?” ಅಂದ.

ಶ್ವೇತ ನನ್ನ ಮುಖ ನೋಡಿದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಗಂಡ ಹೊಡೆದಾಗ ಎರಡು ಸಲ ತವರಿಗೆ ಓಡಿದ್ದಳಂತೆ; ಎರಡು ಸಲವೂ ಈ ಅಣ್ಣನೇ ಕರೆದುಕೊಂಡು ಹೋಗಿ ಬಿಟ್ಟು ಬಂದನಂತೆ. ಅದನ್ನು ಅವಳು ಹೇಳಿದ್ದು ಆವತ್ತು. ಅವನಿಗೆ ನಂಬರು ಸಿಕ್ಕಿದ್ದು ಹೇಗೆಂದೂ ಹೇಳಿದಳು. ತನಗೆ ಏನಾದರೂ ಆದರೆ ಯಾರಿಗೆ ತಿಳಿಸಬೇಕು ಅಂತ ಆಫೀಸಿನ ಅರ್ಜಿಯಲ್ಲಿ ಕೇಳಿದ್ದರಂತೆ. ಬರೆಯಲು ಬೇರೆ ಹೆಸರಿಲ್ಲದೆ ನನ್ನ ಹೆಸರು ಬರೆದಿದ್ದಳಂತೆ. ಅಲ್ಲಿಂದ ಯಾರೋ ಅವನಿಗೆ ಕೊಟ್ಟಿದ್ದರು.

“ಆಫೀಸಿನವ್ರ ಮೇಲೆ ದೂರು ಕೊಡ್ತೀನಿ,” ಅಂದಳು.

“ನನ್ನ ಮೇಲೂ ಕೊಡು,” ಅಂದೆ. “ದಂಡ ಹಾಕ್ಸು.”

“ಆ ಕಾನೂನು ಕಂಪನಿಯವ್ರಿಗೆ ಮಾರಕ್ಕ. ಮನೆಯವ್ರು ಬಾಯಿಬಿಟ್ರೆ ಅದು ಬರಲ್ಲ.”

ಮನೆಯವರು ಅಂದಳು. ನನ್ನನ್ನು ಹಾಗೆ ಯಾರಾದರೂ ಅಂದು ಎಷ್ಟು ಕಾಲವಾಗಿತ್ತೋ. ಆ ಮಾತು ಕೇಳಬಾರದ ದಿನವೇ ಕೇಳಿದೆ.

ಮಾರನೆಯ ದಿನವೇ ಅವಳು ಸಾಮಾನು ಕಟ್ಟಿದಳು. ನಾನು ಕಾಲು ಹಿಡಿಯುವುದೊಂದು ಬಾಕಿ. ಗೇಟಿಗೆ ಬೀಗ ಹಾಕುತ್ತೇನೆ, ಕ್ಯಾಮೆರಾ ಹಾಕಿಸುತ್ತೇನೆ, ಬಾಡಿಗೆ ಬೇಡವೇ ಬೇಡ ಅಂದೆ. ಅವರಿಗೆ ಮನೆ ಗೊತ್ತಾಗಿದೆ, ಇನ್ನು ಇಲ್ಲಿ ನಿದ್ದೆ ಬರಲ್ಲ ಅಂದಳು. ಜೆರಾಕ್ಸನ್ನೂ ಕರಾರನ್ನೂ ಕೇಳಿ ವಾಪಸ್ ತೆಗೆದುಕೊಂಡಳು. ನನ್ನ ಫೋನಿನಿಂದ ತನ್ನ ನಂಬರು ತೆಗೆಯಿರಿ ಅಂದಳು. ನನಗೆ ತೆಗೆಯಲು ಬರುವುದಿಲ್ಲ ಅಂದೆ. ಪಕ್ಕದಲ್ಲಿ ಕೂತು ಅವಳೇ ತೆಗೆದಳು, ಹೊಸ ನಂಬರು ಕೊಡಲಿಲ್ಲ. ಎಲ್ಲಿಗೆ ಹೋಗ್ತೀಯಮ್ಮ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಹುಟ್ಟಿದಂದಿನಿಂದ ನಾನು ನುಂಗಿದ ಮಾತು ಅದೊಂದೇ ಇರಬೇಕು.

ಎಂಟು ದಿನ ಬಿಟ್ಟು ಜಗನ್ ಮತ್ತೆ ಬಂದ. ಗೇಟಿನ ಆಚೆ ನಿಂತು, ಎಲ್ಲಿ ಅವಳು ಅಂದ. ಬರುತ್ತಾನೆ ಅಂತ ಗೊತ್ತಿತ್ತು, ಕಾದೇ ಕೂತಿದ್ದೆ. ಚರ್ಮ ಸುಲಿದರೂ ಈ ಸಲ ಬಾಯಿ ಬಿಡಬಾರದು ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ.

“ಗೊತ್ತಿಲ್ಲ,” ಅಂದೆ.

“ಸುಳ್ಳು ಹೇಳ್ಬೇಡಿ.”

ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವನು ಹೋದ ಮೇಲೂ ಗೇಟು ಹಿಡಿದುಕೊಂಡು ನಿಂತೇ ಇದ್ದೆ. ಮುಚ್ಚಿಡಲು ಅವಳು ನನ್ನ ಹತ್ತಿರ ಏನೂ ಬಿಟ್ಟು ಹೋಗಿರಲಿಲ್ಲ.