ಬಲ ಬರಲೆಂದು ಕೊಟ್ಟ ಸೂಪು

ಪೇಟೆ ಬೀದಿಯ ಮಾಂಸದಂಗಡಿಯವನನ್ನು ಎಲ್ಲರೂ ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಅವನು ಕುಸ್ತಿ ಆಡಿದವನೇನಲ್ಲ. ಆಳು ಬೆಟ್ಟದಂತಿದ್ದ, ಅಷ್ಟೇ. ಬೆಳಗ್ಗೆ ಅಂಗಡಿ ಬಾಗಿಲು ತೆರೆದರೆ ಮಧ್ಯಾಹ್ನದವರೆಗೆ ಕೂರದೆ ನಿಂತೇ ಕೆಲಸ ಮಾಡುತ್ತಿದ್ದ.

ಅಂಥವನು ಒಂದು ಬೆಳಗ್ಗೆ ಮಂಚದಿಂದ ಇಳಿಯಲಾಗದೆ ಕೂತುಬಿಟ್ಟ. ಬಲಗಾಲಿನ ಹೆಬ್ಬೆರಳ ಬುಡ ಊದಿ ಕೆಂಪಗೆ ಕೆಂಡದಂತಾಗಿತ್ತು. ಹೊದಿಕೆಯ ಅಂಚು ತಾಗಿದರೂ ಪ್ರಾಣ ಹೋದಂತಾಗುತ್ತಿತ್ತು.

"ರೀ, ಈ ವರ್ಷ ಇದು ಎಷ್ಟನೇ ಸಲ? ಆಸ್ಪತ್ರೆಗೆ ಹೋಗೋಣ, ಏಳಿ" ಎಂದಳು ಹೆಂಡತಿ.

"ಇವತ್ತು ಬರುತ್ತೆ, ನಾಲ್ಕು ದಿನಕ್ಕೆ ಹೋಗುತ್ತೆ. ಇದಕ್ಕೆಲ್ಲ ಆಸ್ಪತ್ರೆ ಯಾಕೆ?"

ಅವನ ತಾಯಿ ಅಡುಗೆಮನೆಯಿಂದಲೇ ಹೇಳಿದಳು. "ಉಳುಕಿರಬೇಕು. ಇವರಪ್ಪನಿಗೂ ಹೀಗೇ ಆಗ್ತಿತ್ತು. ನಿಂತು ನಿಂತು ಕಾಲು ಸೋತಿದೆ. ಮೈಗೆ ಬಲ ಬರಬೇಕು."

ಬಲ ಬರಲಿ ಎಂದು ಅವಳು ಮಾಡುತ್ತಿದ್ದದ್ದು ಲಿವರ್ ಸೂಪು. ಅಂಗಡಿಯಲ್ಲಿ ಉಳಿದ ಲಿವರ್, ಕಿಡ್ನಿ ಸಂಜೆ ಹೇಗೂ ಮನೆಗೆ ಬರುತ್ತಿತ್ತು. ಗಂಡ ಬದುಕಿದ್ದಾಗ ಗಂಡನಿಗೆ, ಈಗ ಮಗನಿಗೆ. ಕಾಲು ನೋವೆಂದ ದಿನ ಬಟ್ಟಲು ಇನ್ನಷ್ಟು ತುಂಬಿರುತ್ತಿತ್ತು. ಅವಳ ಮಟ್ಟಿಗೆ ಪ್ರೀತಿ ಎಂದರೆ ಅದೇ.

ವಾರದಲ್ಲಿ ನೋವು ಇಳಿಯಿತು. ಪೈಲ್ವಾನ್ ಅಂಗಡಿಗೆ ಹೋದ. ಅಂಗಡಿಗೆ ರಜೆ ಬಂದ ದಿನ ಭಾಮೈದನ ಜೊತೆ ಕೂತು ಬಿಯರ್ ಕುಡಿದ, ಹುರಿದ ಕಿಡ್ನಿ ತಿಂದ. ಎರಡು ದಿನ ಕಳೆಯುವಷ್ಟರಲ್ಲಿ ಹೆಬ್ಬೆರಳು ಮತ್ತೆ ಚುಚ್ಚಲು ಶುರುವಾಯಿತು. ಗಿರಾಕಿಗಳು ಸಾಲುಗಟ್ಟಿದ್ದರು. ಹಲ್ಲು ಕಚ್ಚಿ, ಭಾರವನ್ನೆಲ್ಲ ಎಡಗಾಲಿಗೆ ಹಾಕಿ ಮೂಳೆ ಕಡಿಯುತ್ತಿದ್ದ. ಒಮ್ಮೆ ಅರಿವಿಲ್ಲದೆ ಬಲಗಾಲು ಊರಿದ. ನೋವಿಗೆ ಮೈ ವಾಲಿತು. ಕತ್ತಿ ಜಾರಿ ಎಡಗೈ ತೋರುಬೆರಳಿಗೆ ಬಿತ್ತು.

ಆರೋಗ್ಯ ಕೇಂದ್ರದಲ್ಲಿ ಬೆರಳಿಗೆ ಹೊಲಿಗೆ ಹಾಕಿದರು. ಬೆರಳು ಉಳಿಯಿತು. ಬ್ಯಾಂಡೇಜು ಕಟ್ಟಿದ ನರ್ಸಕ್ಕ, ಅವನು ಕುಂಟುವುದನ್ನು ನೋಡಿದಳು.

"ಗಾಯ ಕೈಗೆ ಆಗಿದ್ದು. ಕಾಲಿಗೇನಾಯ್ತಣ್ಣ? ಚಪ್ಪಲಿ ತೆಗೀರಿ."

"ಉಳುಕಮ್ಮ. ಬರುತ್ತೆ, ಹೋಗುತ್ತೆ."

ಅವಳು ಡಾಕ್ಟರನ್ನು ಕರೆದು ತೋರಿಸಿದಳು. ಡಾಕ್ಟರು ಕೀಲು ಮುಟ್ಟಿ ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಉಳುಕಲ್ಲ, ಇದಕ್ಕೆ ಗೌಟ್ ಅನ್ನುತ್ತಾರೆ ಎಂದರು. ನೋವಿಗೆ ಮಾತ್ರೆ ಕೊಟ್ಟು, ಮತ್ತೆ ಮತ್ತೆ ಬರದಂತೆ ದಿನವೂ ನುಂಗಲು ಇನ್ನೊಂದು ಮಾತ್ರೆ ಬರೆದರು.

ಬ್ಯಾಂಡೇಜು ಬದಲಿಸಲು ನರ್ಸಕ್ಕ ಮನೆಗೇ ಬಂದಳು. ಅದೇ ಹೊತ್ತಿಗೆ ಅವನ ತಾಯಿ ಸೂಪಿನ ಬಟ್ಟಲು ತಂದು ಮಗನ ಮುಂದಿಟ್ಟಳು.

"ಏನಮ್ಮ ಇದು?"

"ಲಿವರ್ ಸೂಪು. ರಕ್ತ ಎಷ್ಟು ಹೋಗಿದೆ, ಪಾಪ. ಕಾಲಿಗೂ ಬಲ ಬರಲಿ."

ನರ್ಸಕ್ಕ ಬ್ಯಾಂಡೇಜು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇವರ ಕಾಲಿಗೆ ಇದೇ ಆಗಲ್ಲ. ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಅಂತ ಒಂದಿರುತ್ತೆ. ಅದನ್ನ ಸೋಸಿ ಮೂತ್ರದಲ್ಲಿ ಹೊರಗೆ ಹಾಕೋದು ಕಿಡ್ನಿ ಕೆಲಸ. ಹೊರಗೆ ಹೋಗದೆ ಜಾಸ್ತಿ ಆದ್ರೆ ಕೀಲಿನಲ್ಲಿ ಗಾಜಿನ ಪುಡಿ ಥರ ಹರಳಾಗಿ ಕೂರುತ್ತೆ. ಆ ನೋವೇ ಇದು. ಲಿವರ್, ಕಿಡ್ನಿ, ಮೆದುಳು ತಿಂದ್ರೆ ಯೂರಿಕ್ ಆಮ್ಲ ಏರುತ್ತೆ. ಕೆಂಪು ಮಾಂಸ, ಸಿಗಡಿ, ಬೂತಾಯಿ ಥರದ ಎಣ್ಣೆಯಂಶದ ಸಣ್ಣ ಮೀನು ಜಾಸ್ತಿ ತಿಂದ್ರೂ ಅಷ್ಟೇ. ಮೇಲೆ ಬಿಯರ್ ಬಿದ್ರೆ ಮುಗೀತು, ಎರಡು ದಿನದೊಳಗೇ ಕಾಲು ಹಿಡೀಬಹುದು."

ಪೈಲ್ವಾನ್ ಮುಖ ಗಂಟಿಕ್ಕಿದ. "ಹಂಗಾದ್ರೆ ನಾನು ಮಾರೋದು ವಿಷ ಅಂತೀಯೇನಮ್ಮ? ಊರೆಲ್ಲ ತಿಂತಾರೆ. ಅವರಿಗ್ಯಾರಿಗೂ ಯಾಕೆ ಬರಲಿಲ್ಲ?"

"ವಿಷ ಅಲ್ಲಣ್ಣ. ಊರವರ ಮೈ ಬೇರೆ, ನಿಮ್ಮ ಮೈ ಬೇರೆ. ಕೆಲವರಿಗೆ ಈ ಗುಣ ಹುಟ್ಟಿನಿಂದಲೇ ಇರುತ್ತೆ. ನಿಮ್ಮನೇಲಿ ಇನ್ಯಾರಿಗಾದ್ರೂ ಇತ್ತಾ?"

ತಾಯಿಯೇ ಬಾಯಿಬಿಟ್ಟಳು.

"ಇವರಪ್ಪನಿಗೆ ಮೊದಲು ಕಾಲು ಹಿಡೀತಿತ್ತು. ಆಮೇಲೆ ಕೈಬೆರಳಲ್ಲಿ ಗಂಟುಗಂಟಾಗಿ ಎದ್ದವು. ಒಂದು ಒಡೆದು ಸುಣ್ಣದ ಥರ ಬೆಳ್ಳಗೆ ಬಂತು. ಕತ್ತಿ ಹಿಡಿಯೋಕಾಗದೆ ಅಂಗಡಿ ಬಿಟ್ರು. ಕೊನೆಗೆ ಕಿಡ್ನಿ ಕೈಕೊಡ್ತು." ನರ್ಸಕ್ಕನ ಕಡೆ ತಿರುಗಿ ಕೇಳಿದಳು, "ಅದೂ ಇದೇ ಏನಮ್ಮ?"

"ನಾನು ಅವರನ್ನ ನೋಡಿಲ್ಲ. ನೀವು ಹೇಳೋದು ಕೇಳಿದ್ರೆ ಇದೇ ಇರಬಹುದು."

ಮುದುಕಿ ಸೂಪಿನ ಬಟ್ಟಲನ್ನೇ ನೋಡುತ್ತ ಕೂತಳು. "ನೋವು ಅಂದಾಗೆಲ್ಲ ನಾನು ಇದನ್ನೇ ಕೊಟ್ಟೆ" ಎಂದಳು. ದನಿ ಕೇಳಿಸಿತೋ ಇಲ್ಲವೋ ಎಂಬಂತಿತ್ತು. "ಬೇಡ ಅಂದ್ರೂ ಬಿಡದೆ ಕುಡಿಸಿದೆ."

ಪೈಲ್ವಾನ್ ತಾಯಿಯ ಕಡೆ ನೋಡಲಾರದೆ ತಲೆ ತಗ್ಗಿಸಿದ. ನರ್ಸಕ್ಕ ಅವಳ ಕೈ ಹಿಡಿದುಕೊಂಡಳು.

"ನಿಮಗೆ ಯಾರೂ ಹೇಳಿರಲಿಲ್ಲ. ಸೂಪಿನಿಂದಲೇ ಕಾಯಿಲೆ ಬಂತು ಅಂತಲೂ ಅಲ್ಲಮ್ಮ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಊಟ ಬಲ್ಲವನಿಗೂ ಈ ರೋಗ ಬರುತ್ತೆ. ಆದರೆ ಪದೇ ಪದೇ ಮರುಕಳಿಸೋದು ಕಮ್ಮಿ ಆಗುತ್ತೆ. ಮಾತ್ರೆ ಮುಖ್ಯ, ಊಟ ಅದಕ್ಕೆ ಆಸರೆ. ಇವರ ಕೈಕಾಲು, ಕಿಡ್ನಿ ಉಳಿಸ್ಕೊಳ್ಳೋಕೆ ಇನ್ನೂ ಹೊತ್ತಿದೆ."

ಮುದುಕಿ ಎದ್ದಳು. ಮಗನ ಮುಂದಿನ ಬಟ್ಟಲನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಪೈಲ್ವಾನ್ ಬಾಯಿ ಕಟ್ಟಿದ. ಕಟ್ಟಿದ್ದೇನೋ ಅತಿಯಾಗಿಯೇ. ತೂಕ ಬೇಗ ಇಳಿಸುತ್ತೇನೆಂದು ಒಂದೊಂದು ದಿನ ಪೂರ್ತಿ ಉಪವಾಸ ಇದ್ದ. ಬಿಯರ್ ಬಿಟ್ಟೆನಲ್ಲ ಎಂದು ಅಂಗಡಿಯ ಸೆಕೆಗೆ ಬಾಟಲಿಗಟ್ಟಲೆ ಸಿಹಿ ಸೋಡಾ ಕುಡಿದ. ನೋವಿಲ್ಲವೆಂದು ದಿನದ ಮಾತ್ರೆಯನ್ನೂ ಮೂಲೆಗೆ ಹಾಕಿದ. ಒಂದು ಬೆಳಗ್ಗೆ ಕಾಲು ಮತ್ತೆ ಹಿಡಿಯಿತು.

"ನೋಡಿದ್ಯಾ? ಬಾಯಿ ಕಟ್ಟಿದ್ದೇ ದಂಡ" ಎಂದು ಹೆಂಡತಿಯ ಮೇಲೆ ರೇಗಿದ. ಅವಳು ಆಟೋ ಕರೆಸಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಜೊತೆಗೆ ಅತ್ತೆಯೂ ಹೊರಟಳು.

ನರ್ಸಕ್ಕ ಎಲ್ಲ ಕೇಳಿ ಬೈಯಲಿಲ್ಲ. "ಸಿಹಿ ಸೋಡಾ, ಬಾಟಲಿ ಜ್ಯೂಸ್ ಕೂಡ ಯೂರಿಕ್ ಆಮ್ಲ ಏರಿಸ್ತವೆ ಅಣ್ಣ. ಉಪವಾಸ ಕೂತ್ರೂ ಏರುತ್ತೆ. ತೂಕ ನಿಧಾನಕ್ಕೆ ಇಳೀಲಿ. ಬಾಯಾರಿದ್ರೆ ನೀರು ಕುಡೀರಿ. ಹಾಲು, ಮೊಸರು ಒಳ್ಳೇದು. ಕೆನೆ ತೆಗೆದದ್ದಾದ್ರೆ ಇನ್ನೂ ಒಳ್ಳೇದು. ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ಬಿಡಬೇಡಿ, ನೋವಿರೋ ದಿನವೂ ಅಷ್ಟೇ, ಇಲ್ಲದ ದಿನವೂ ಅಷ್ಟೇ."

"ಬೇಳೆ, ಸೊಪ್ಪು ತಿನ್ನಬಾರದು ಅಂತಾರಲ್ಲ?" ಎಂದು ಹೆಂಡತಿ ಕೇಳಿದಳು.

"ತಿನ್ನಲಿ. ಅವುಗಳಿಂದ ಕಾಲು ಹಿಡಿಯೋದು ಹೆಚ್ಚಾಗಲ್ಲ."

"ಮಾಂಸ ಪೂರ್ತಿ ಬಿಡ್ಬೇಕಾ?" ಪೈಲ್ವಾನನ ದನಿಯಲ್ಲಿ ಈಗ ಜಗಳವಿರಲಿಲ್ಲ.

"ಲಿವರ್, ಕಿಡ್ನಿ ಬಿಡಿ. ಬಿಯರ್ ಬಿಡಿ. ಉಳಿದ ಮಾಂಸ ಯಾವಾಗಾದರೊಮ್ಮೆ, ನಾಲ್ಕು ತುಂಡು. ಮಾರೋದಕ್ಕೆ ನಂದೇನೂ ಅಡ್ಡಿ ಇಲ್ಲ" ಎಂದಾಗ ಅವನಿಗೂ ತುಸು ನಗು ಬಂತು.

ಮುದುಕಿ ಮಾತ್ರ ನಗಲಿಲ್ಲ. "ಆ ಮಾತ್ರೆ ಯಾವ ಹೊತ್ತಿಗೆ ಕೊಡ್ಬೇಕು ಅಂತ ನನಗೆ ಹೇಳಮ್ಮ" ಎಂದಳು. "ಇವನ ಕೈಗೆ ಬಿಟ್ರೆ ಮರೀತಾನೆ."

ಕಾಯಿಲೆ ಮಂತ್ರ ಹಾಕಿದಂತೆ ಮಾಯವಾಗಲಿಲ್ಲ. ಆಮೇಲೂ ಒಮ್ಮೆ ಕಾಲು ನೋವು ಇಣುಕಿತು. ಆದರೆ ಅಂಗಡಿ ಮುಚ್ಚುವಷ್ಟು ಜೋರಾಗಿ ಬರಲಿಲ್ಲ, ಬಂದಂತೆಯೇ ಹೋಯಿತು. ಭಾಮೈದ ಬಿಯರ್ ತಂದ ದಿನ ಪೈಲ್ವಾನ್ ಒಂದು ಲೋಟ ಮಜ್ಜಿಗೆ ಹಿಡಿದು ಅವನ ಜೊತೆಗೇ ಕೂತ. ಮುಂದಿನ ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಇಳಿದಿತ್ತು. ಕಿಡ್ನಿ ಚೆನ್ನಾಗಿದೆ ಎಂದರು ಡಾಕ್ಟರು. ಅದನ್ನು ಕೇಳಿ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೊನ್ನೆ ಎದುರುಮನೆಯ ದರ್ಜಿ ಕುಂಟುತ್ತ ಹೊಲಿಗೆ ಯಂತ್ರದ ಮುಂದೆ ಕೂರುವುದನ್ನು ಅವಳು ಕಂಡಳು. ಬೀದಿ ದಾಟಿ ಹೋಗಿ, ಅವನ ಊದಿದ ಹೆಬ್ಬೆರಳು ನೋಡಿ ಹೇಳಿದಳು: "ಉಳುಕು ಅಂತ ಸುಮ್ನೆ ಕೂರ್ಬೇಡಪ್ಪ. ನಾನು ಸುಮ್ನೆ ಕೂತು ಒಬ್ಬರನ್ನ ಕಳ್ಕೊಂಡಿದ್ದೀನಿ. ಏಳು, ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾ."

ಓದುತ್ತಿರುವ ಅಕ್ಕ, ಅಣ್ಣ, ಈ ಮಾತು ನಿಮಗೂ ಸೇರಿದ್ದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಾಲಿನ ಹೆಬ್ಬೆರಳು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮುಟ್ಟಲಾಗದಷ್ಟು ನೋಯುತ್ತದೆಯೇ? ಹೋಗಿ ಮತ್ತೆ ಬರುತ್ತದೆಯೇ? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಗೌಟ್ ಎಂದು ಡಾಕ್ಟರು ಹೇಳಿದರೆ, ಅವರು ಕೊಟ್ಟ ಮಾತ್ರೆಯನ್ನು ತಪ್ಪಿಸಬೇಡಿ. ಎಷ್ಟು ನೀರು ಕುಡಿಯಬಹುದೆಂದು ಅವರನ್ನೇ ಕೇಳಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಂತೂ ಕೇಳಲೇಬೇಕು. ತಟ್ಟೆಗೆ ಬಡಿಸುವವರೂ ಈ ವಿಷಯ ತಿಳಿದಿರಲಿ. ಪ್ರೀತಿಯಿಂದ ಬಡಿಸುತ್ತೀರಿ, ಅವರ ಮೈಗೆ ಒಗ್ಗುವುದನ್ನೇ ಬಡಿಸಿ.