ಸಂಚಿಯ ಮೂರನೆಯ ಕಿಸೆ

ಛತ್ತಿನ ಆ ಮೂಲೆಯಲ್ಲಿ ಗಿಲಾವು ಉಬ್ಬಿದೆ, ಮೇಲಿನ ಬಾತ್‌ರೂಮಿನ ನೀರು ಇಳಿದಿರಬೇಕು, ಯಾರೋ ಬಣ್ಣ ಬಳಿದು ಹೋಗಿದ್ದಾರೆ, ಬಣ್ಣ ಬಳಿದರೆ ಒಳಗಿನ ನೀರು ಎಲ್ಲಿಗೆ ಹೋದೀತು, ಕೆರೆದು ತೆಗೆದು ಹೊಸದಾಗಿ ಮೆತ್ತಬೇಕು, ಅರ್ಧ ದಿನದ ಕೆಲಸ, ಒಬ್ಬ ಗೌಂಡಿ ಒಬ್ಬ ಹೆಣ್ಣಾಳು ಸಾಕು — ಎಂದು ಹಾಲವ್ವ ಅಂದುಕೊಳ್ಳುತ್ತಿದ್ದಂತೆಯೇ ಬಲ ಪಿರ್ರೆಯೊಳಗಿಂದ ಹೊರಟ ನೋವು ತೊಡೆಯ ಹಿಂಬದಿಗುಂಟ ಇಳಿದು, ಮೀನಖಂಡದಲ್ಲಿ ಒಂದು ಗಳಿಗೆ ನಿಂತು, ಕಿರುಬೆರಳ ತುದಿಗೆ ಹೋಗಿ ಚುರ್ ಅಂದಿತು, ಬಂತು, ಬಂತು ಮತ್ತೆ, ಎಡಕ್ಕೆ ಹೊರಳಿ ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡರೆ ಹಗುರಾಗುತ್ತದೆ, ಆದರೆ ಎಡಗೈಯಲ್ಲಿ ಎರಡು ಸೂಜಿ, ಸೂಜಿಗೆ ಎರಡು ಕೊಳವೆ, ಕೊಳವೆಯಲ್ಲಿ ತನ್ನದೇ ರಕ್ತ ಮಿಷೀನಿಗೆ ಹೋಗುತ್ತ ಬರುತ್ತ, ಈ ಒರಗುವ ಕುರ್ಚಿಯಲ್ಲಿ ಹೊರಳುವ ಹಾಗಿಲ್ಲ. ಒಂಬತ್ತಕ್ಕೆ ಹಚ್ಚಿದ್ದಾರೆ, ಒಂದಕ್ಕೆ ಬಿಡುತ್ತಾರೆ, ಈಗ ಎಷ್ಟಾಯಿತೋ. ಕಾಲು ಒಂದಿಷ್ಟೇ ಎಳೆದುಕೊಂಡಳು, ಮಿಷೀನು ಕಿಂಯ್ ಕಿಂಯ್ ಅಂದಿತು, ಶ್ರೇಯಾ ಓಡಿ ಬಂದಳು, ಈ ಡಯಾಲಿಸಿಸ್ ಸೆಂಟರಿನಲ್ಲಿ ಕನ್ನಡ ತಿಳಿಯುವ ನರ್ಸು ಅವಳೊಬ್ಬಳೇ, ಅವಳ ತಾಯಿ ಧಾರವಾಡದವಳಂತೆ, ಅಜ್ಜಿ, ಹಿಲೋ ಮತ್, ಕೈ ಹಂದಾಡ್ತು ನೋಡು, ಸೂಜಿ ಆಚೆ ಬರ್ತದೆ. ಕೈ ಅಲ್ಲವಾ ತಂಗಿ, ಕಾಲ. ಕಾಲು ಮತ್ತೆ ದರ್ದ್? ಅದು ಯಾವಾಗ ಇರಲಿಲ್ಲ ಹೇಳು. ಶ್ರೇಯಾ ನಕ್ಕು ಮೊಣಕಾಲ ಕೆಳಗೆ ಒಂದು ದಿಂಬು ತುರುಕಿದಳು, ಹನ್ನೊಂದಕ್ಕೆ ಹತ್ತು ಮಿನಿಟು ಇದೆ ಅಜ್ಜಿ, ಸೋ ಜಾವೋ, ಅಂದು ಆಚೆಯ ಕುರ್ಚಿಯ ರೋಗಿಯತ್ತ ಹೋದಳು. ಮಲಗಬೇಕಂತೆ. ಈ ಕಾಲು ಮಲಗಲು ಬಿಟ್ಟರಲ್ಲವೇ.

ಸಯಾಟಿಕಾ ಅಂತ ಅದಕ್ಕೆ ಹೆಸರು, ದೊಡ್ಡ ಡಾಕ್ಟರು ಹೇಳಿದ್ದರು, ಯಾರದೋ ಮನೆಯ ಮುದ್ದಿನ ಮಗಳ ಹೆಸರಿದ್ದ ಹಾಗಿದೆ, ಬೆನ್ನೆಲುಬಿನೊಳಗೆ ನರ ಸಿಕ್ಕಿಬಿದ್ದಿದೆಯಂತೆ, ಬೀಳದೆ ಏನು, ಮೂವತ್ತು ವರ್ಷ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಬ್ಬಿಣದ ಬುಟ್ಟಿ, ಗಮೇಲಾ, ಗಮೇಲಾ ತುಂಬ ಹಸಿ ಕಾಂಕ್ರೀಟು, ವಿಕ್ರೋಳಿಯ ಆ ಎತ್ತರದ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ತನಕ ತಾವೇ ಹೆಂಗಸರು ಹೊತ್ತದ್ದು, ಲಿಫ್ಟ್ ಕೆಟ್ಟಿತ್ತು ಅವತ್ತು, ಕೆಳಗೆ ಮಿಕ್ಸರ್ ತಿರುಗುತ್ತಲೇ ಇತ್ತು, ಸ್ಲ್ಯಾಬ್ ಸುರುವಾದರೆ ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ, ನಡುವೆ ನಿಲ್ಲಿಸಿದರೆ ಅಲ್ಲಿ ಜೋಡು ಬೀಳುತ್ತದೆ, ಮಳೆಗಾಲದಲ್ಲಿ ಅದೇ ಜೋಡಿನಿಂದ ಸೋರುತ್ತದೆ, ಮುಕಾದಮ ಮುರಿಗೆಪ್ಪ ಕೆಳಗಿಂದ ಕೂಗುತ್ತಿದ್ದ, ನಡೀರ್ಯವ್ವಾ ನಡೀರಿ, ನಿಮ್ಮ ಸೊಂಟದಾಗ ಏನ ಬಂಗಾರದ ಡಾಬ ಐತೇನ, ಇಷ್ಟ ಸಾವಕಾಶ ಹತ್ತಾಕತ್ತೀರಿ. ಅದಕ್ಕೇ ಸ್ಲ್ಯಾಬಿನ ದಿನ ಬೆಳಿಗ್ಗೆ ನಾಕಾದಲ್ಲಿ, ಕೂಲಿಯವರೆಲ್ಲ ಕೆಲಸಕ್ಕೆ ಬಂದು ನಿಲ್ಲುವ ಆ ರಸ್ತೆಯ ಮೂಲೆಯಲ್ಲಿ, ಹಾಲವ್ವ ತನ್ನ ಸಂಚಿ ಬಿಚ್ಚುತ್ತಿದ್ದಳು, ಒಂದನೆಯ ಕಿಸೆಯಲ್ಲಿ ಎಲೆ, ಎರಡನೆಯದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಗುಳಿಗೆ. ಹಳದಿ ಗುಳಿಗೆ, ನೋವಿನದು, ಸ್ಟೇಶನ್ ಹತ್ತಿರದ ಮೆಡಿಕಲ್ಲಿನಲ್ಲಿ ಚೀಟಿ ಕೇಳದೆ ಕೊಡುತ್ತಿದ್ದರು, ಮೊದಲು ತನಗೊಂದು, ಆಮೇಲೆ ಸಾಲಾಗಿ ನಿಂತವರ ಅಂಗೈಗೊಂದು, ಚಹಾದ ಜೊತೆ ನುಂಗಿರಿ, ಸಂಜಿಗಿ ಇನ್ನೊಂದ ಕೊಡತೀನಿ, ಎಲ್ಲರಿಗಿಂತ ಹಿರಿಯಳು ತಾನೇ ಅಲ್ಲವೇ, ಹಾಲಕ್ಕ ಕೊಟ್ಟರೆ ನೋವು ಹೋಗುತ್ತದೆ ಎಂದು ಹೊಸದಾಗಿ ಊರಿಂದ ಬಂದ ಹುಡುಗಿಯರಿಗೂ ತಿಳಿದಿತ್ತು, ಶಿವಕುಮಾರಿ ಇಂಡಿ ತಾಲೂಕಿನ ಕಡೆಯಿಂದ ಬಂದಾಗ ಹತ್ತೊಂಬತ್ತರ ಹುಡುಗಿ, ಗಮೇಲಾ ಹೊತ್ತು ಮೊದಲ ದಿನವೇ ಅತ್ತಿದ್ದಳು, ಬಾಯಿ ತೆಗಿ ಅಂದು ತಾನೇ ನಾಲಿಗೆಯ ಮೇಲಿಟ್ಟಿದ್ದಳು, ಬೆಲ್ಲದ ಚೂರು ಇಡುವ ಹಾಗೆ. ಬೆಲ್ಲದ ಹಾಗೆ. ಆ ದಿನ ಅವಳೂ ಮೂರು ಮಾಳಿಗೆ ಹತ್ತಿದಳು, ಜೋಡು ಬೀಳಲಿಲ್ಲ.

ಅಯ್ಯೋ ಬಂತು, ಈ ಸಲ ಹಿಮ್ಮಡಿಯ ತನಕ, ಹಲ್ಲು ಕಚ್ಚಿ ತಡೆದುಕೊ, ಉಸಿರು ಬಿಡು, ಹೋಯಿತು. ಒಂದು ಹಳದಿ ಗುಳಿಗೆ ನುಂಗಿದರೆ ಅರ್ಧ ತಾಸಿನಲ್ಲಿ ಕಾಲು ಇದೆಯೋ ಇಲ್ಲವೋ ಅನ್ನುವಂತಾಗುತ್ತದೆ, ಗೊತ್ತು, ಮೈಗೆ ಗೊತ್ತು ಅದು, ಆದರೆ ನುಂಗುವ ಹಾಗಿಲ್ಲ, ಅದನ್ನೇ ನುಂಗಿ ನುಂಗಿ ಇಲ್ಲಿಗೆ ಬಂದು ಕೂತದ್ದು. ಎರಡು ವರ್ಷದ ಹಿಂದೆ ಮುಖ ಬಾತು ಕಣ್ಣು ಮುಚ್ಚಿಹೋದಾಗ ಮಗ ಸುಭಾಷ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ, ಡಾಕ್ಟರು ಏನೂ ಕೇಳದೆ ಮೊದಲು ಅವಳ ಕಣಕಾಲ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ತೆಗೆದರು, ಕುಳಿ ಬಿತ್ತು, ಹಸಿ ಗಿಲಾವಿನಲ್ಲಿ ಬೆರಳೂರಿದ ಹಾಗೆ, ಎಲ್ಲರೂ ಆ ಕುಳಿಯನ್ನೇ ನೋಡುತ್ತಿದ್ದರು, ಅದು ತುಂಬಿಕೊಳ್ಳಲೇ ಇಲ್ಲ, ಹಾಲವ್ವನಿಗೆ ನಗು ಬಂದಿತ್ತು, ನಾದಿದ ಹಿಟ್ಟಾಗೇತಿ ನೋಡೋ ನನ್ನ ಕಾಲ, ರೊಟ್ಟಿ ಬಡೀಬಹುದು, ಅಂದಿದ್ದಳು, ಸುಭಾಷ ನಗಲಿಲ್ಲ. ಎಷ್ಟು ವರ್ಷದಿಂದ ನೋವಿನ ಗುಳಿಗೆ ತಗೊಳ್ತೀರಿ ಅಂತ ಡಾಕ್ಟರು ಹಿಂದಿಯಲ್ಲಿ ಕೇಳಿದರು, ಲೆಕ್ಕ ಯಾರಿಟ್ಟಿದ್ದಾರೆ, ಮೈ ನೋಯಲು ಹತ್ತಿದಾಗಿನಿಂದ ಅಂದಳು, ಆ ಗುಳಿಗೆಯೇ ನಿಮ್ಮ ಎರಡೂ ಕಿಡ್ನಿ ತಿಂದಿದೆ, ಅದಕ್ಕೇ ನೀರು ಮೈಯಲ್ಲೇ ನಿಂತು ಹೀಗೆ ಕುಳಿ ಬೀಳುತ್ತದೆ ಅಂದರು, ಇನ್ನು ಒಂದೂ ಮುಟ್ಟಬಾರದು, ಮುಟ್ಟಿದರೆ ಈಗ ಆಗುವ ನಾಲ್ಕು ಹನಿ ಮೂತ್ರವೂ ನಿಲ್ಲುತ್ತದೆ. ಗಲ್ಲಿಗೆ ಬಂದು ಕೇಳಿದವರಿಗೆಲ್ಲ ಹಾಲವ್ವ ಹೇಳಿದ್ದು ಬೇರೆ, ಸಕ್ಕರಿ ಬ್ಯಾನಿಯಿಂದ ಹೋದುವವಾ ಕಿಡ್ನಿ, ಅಂದುಬಿಟ್ಟಳು, ನಾಲಿಗೆ ತಾನೇ ಅಂದಿತು, ಯಾರ್ಯಾರ ಅಂಗೈಗೆ ಇಟ್ಟಿದ್ದಳೋ ಅವರೆಲ್ಲ ಎದುರಿಗೇ ನಿಂತಿದ್ದರಲ್ಲ.

ಆಮೇಲೆ ಅವರೂ ಒಬ್ಬೊಬ್ಬರೇ ಕರಗಿದರು, ಕೆಲವರು ಊರಿಗೆ, ಕೆಲವರು ಕಲ್ಯಾಣದ ಕಡೆಯ ಹೊಸ ಸೈಟುಗಳಿಗೆ, ಸಾಯಬಣ್ಣ ಇದ್ದಾಗ ಮನೆಯಲ್ಲಿ ಜಗಳಕ್ಕಾದರೂ ಒಂದು ದನಿ ಇತ್ತು, ಗಂಡ ಹೋಗಿ ಆರು ವರ್ಷವಾಯಿತು, ಸುಭಾಷ ನಸುಕಿನಲ್ಲಿ ಟೆಂಪೋ ತೆಗೆದುಕೊಂಡು ಹೋದರೆ ಕತ್ತಲಾದ ಮೇಲೆ ಬರುವುದು, ಸೋಮವಾರ ಬುಧವಾರ ಶುಕ್ರವಾರ ಅವನು ಗೊತ್ತು ಮಾಡಿಟ್ಟ ರಿಕ್ಷಾ ಬರುತ್ತದೆ, ಒಯ್ದು ಬಿಡುತ್ತದೆ, ತಂದು ಬಿಡುತ್ತದೆ, ಉಳಿದ ದಿನ ಭಾಂಡುಪಿನ ಆ ಗುಡ್ಡದ ಚಾಳಿನಲ್ಲಿ ಬಾಗಿಲು ತೆರೆದು ಕೂತರೆ ಮೆಟ್ಟಿಲು ಹತ್ತುವವರ ಕಾಲಷ್ಟೇ ಕಾಣುತ್ತವೆ, ಯಾರ ಕಾಲೂ ನಿಲ್ಲುವುದಿಲ್ಲ. ಶಿವಕುಮಾರಿಯದು ಮಾತ್ರ ನಿಲ್ಲುತ್ತದೆ. ನಾಕಾಕ್ಕೆ ಇಳಿಯುವ ಮುಂಚೆ ಹೊಸ್ತಿಲ ಮೇಲೆ ಕೂತು ಒಂದು ಎಲೆ ಮೆಲ್ಲುವಷ್ಟು ಹೊತ್ತು, ಸೈಟಿನ ಸುದ್ದಿ, ಯಾರಿಗೆ ಯಾರ ಮೇಲೆ ಮನಸ್ಸು, ಯಾವ ಗೌಂಡಿ ಕುಡಿದು ಗೋಡೆ ಡೊಂಕು ಕಟ್ಟಿದ, ಹೇಳುತ್ತ ಕೈ ಚಾಚುತ್ತಾಳೆ, ಒಂದ ಗುಳಗಿ ಕೊಡ ಹಾಲಕ್ಕಾ. ಕೊಡುತ್ತಾಳೆ. ಮನೆಯಲ್ಲಿದ್ದದ್ದು ತೀರಿದಾಗ ರಿಕ್ಷಾದವನಿಗೆ ಮೆಡಿಕಲ್ಲಿನ ಮುಂದೆ ನಿಲ್ಲಿಸು ಅಂದು ತಾನೇ ತರುತ್ತಾಳೆ, ಸುಭಾಷನಿಗೆ ತಿಳಿಯದಂತೆ, ತಾನು ನುಂಗಲಿಕ್ಕಲ್ಲ, ದೇವರಾಣೆ ಒಂದೂ ನುಂಗಿಲ್ಲ, ಆ ಕಿಸೆ ಬರಿದಾಗಬಾರದು ಅಂತ. ಒಮ್ಮೆ ಕೇಳಿಯೂ ಇದ್ದಳು, ಗುಳಗಿ ಇಲ್ಲಂದ್ರ ಬರತಿದ್ದೇನ ಶಿವಿ, ಅದಕ್ಕೆ ಅವಳು ಎಲೆ ಉಗುಳಿ ನಕ್ಕಿದ್ದಳು, ನಿನ್ನ ಮಾರಿ ನೋಡಾಕ ಬರತೀನಂತ ತಿಳದಿಯೇನ ಮುದುಕಿ, ನಿನ್ನ ಕಿಸೆ ನೋಡಾಕ ಬರತೀನಿ. ಚೇಷ್ಟೆಗೆ ಅಂದದ್ದು. ಚೇಷ್ಟೆಗೇ ಇರಬೇಕು.

ಇವತ್ತು ಬೆಳಿಗ್ಗೆ ಎರಡು ಕೇಳಿದಳು, ಸ್ಲ್ಯಾಬ್ ಐತಿ ಹಾಲಕ್ಕಾ, ಮಿಷೀನ ಹೋಗದಂಥ ಗಲ್ಲಿ, ಎಲ್ಲಾ ತಲಿ ಮ್ಯಾಲ ಹೊರೂದ, ಒಂದ ಈಗ, ಒಂದ ರೊಟ್ಟಿ ತಿಂದಮ್ಯಾಲ. ಸಂಚಿಯ ದಾರ ಬಿಚ್ಚುತ್ತ ಹಾಲವ್ವ ಕೆಳಗೆ ನೋಡಿದಳು, ಚಪ್ಪಲಿಯೊಳಗೆ ಹಿಡಿಸದ ಶಿವಕುಮಾರಿಯ ಪಾದ, ಪಟ್ಟಿಯ ಎರಡೂ ಬದಿಗೆ ಉಕ್ಕಿ ಬಂದ ಮಾಂಸ, ಕಾಲುಂಗುರ ಬೆರಳೊಳಗೆ ಹೂತುಹೋಗಿ ಬೆಳ್ಳಿಯ ಒಂದು ಗೆರೆಯಷ್ಟೇ ಕಾಣುತ್ತಿತ್ತು, ಏನ ಇದು ಕಾಲ, ಅಂದಳು, ನಿಂತು ನಿಂತು ಬಾತಾವು, ರಾತ್ರಿ ಮಲಕೊಂಡ್ರ ಇಳೀತಾವು, ಅಂದಳು ಶಿವಕುಮಾರಿ, ನಿಂತು ಬಾತದ್ದಂತೆ, ಬೆಳಗಿನ ಏಳಕ್ಕೆ, ಇನ್ನೂ ನಿಂತೇ ಇಲ್ಲದ ಕಾಲು. ತಿಳಿಯಿತು. ಆಗಲೇ ತಿಳಿಯಿತು. ತಿಳಿದೂ ಬೆರಳು ತಮ್ಮಷ್ಟಕ್ಕೆ ಮೂರನೆಯ ಕಿಸೆಗೆ ಹೋದವು, ಎರಡು ತೆಗೆದವು, ಅಂಗೈಯಲ್ಲಿ ಇಟ್ಟವು, ಅವಳು ಒಂದನ್ನು ಅಲ್ಲೇ ನೀರಿಲ್ಲದೆ ನುಂಗಿ ಇನ್ನೊಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಮೆಟ್ಟಿಲು ಇಳಿದು ಹೋದಳು, ಇನ್ನೊಂದು ಇನ್ನೂ ಗಂಟಿನಲ್ಲೇ ಇದೆ, ರೊಟ್ಟಿಗೆ ಬಿಡುವುದು ಹನ್ನೆರಡೂವರೆಗೆ. ಈಗೆಷ್ಟು. ಗೋಡೆಯ ಗಡಿಯಾರ ಇದೆ, ಮುಳ್ಳು ಕಾಣುವುದಿಲ್ಲ, ಕಂಡರೂ ಕೂಡಿಸಿ ಓದಲು ಬರುವುದಿಲ್ಲ. ಒಂದು ಗುಳಿಗೆಯಿಂದ ಏನಾದೀತು, ಇಷ್ಟು ವರ್ಷ ನುಂಗಿದ್ದಾಳೆ ಅವಳು, ಇನ್ನೊಂದರಿಂದ ಏನು, ನಾಳೆ ಹೇಳಿದರಾಯಿತು, ಎದುರಿಗೆ ಕೂರಿಸಿಕೊಂಡು, ನಾಳೆ ಯಾಕೆ, ನಾಳೆಯೂ ಅವಳು ಕೈ ಚಾಚುತ್ತಾಳೆ, ನಾಳೆಯೂ ಬೆರಳು ಹೋಗುತ್ತವೆ, ಹೇಳಿದ ಮೇಲೆ ಅವಳು ಯಾಕೆ ಬಂದಾಳು, ಬಾಗಿಲಲ್ಲಿ ಕೂತು ಕಾಲು ನೋಡುತ್ತ, ಯಾವುದೂ ನಿಲ್ಲದ ಕಾಲು — ಇಪ್ಪತ್ತಾರು ವರ್ಷದ ಹಿಂದೆ ಬಾಯಿ ತೆಗಿ ಅಂದವರು ಯಾರು, ತಾನೇ — ನೋವು ಬಂತು, ಈಗ ಸೊಂಟದಿಂದ ಬೆರಳ ತನಕ ಒಂದೇ ತಂತಿ, ಯಾರೋ ಎಳೆದು ಎಳೆದು ಬಿಡುತ್ತಿದ್ದಾರೆ, ಅವಳಿಗೂ ಹೀಗೇ ಒಂದು ಕುರ್ಚಿ, ಅವಳ ಕೈಯಲ್ಲೂ ಎರಡು ಸೂಜಿ, ಅವಳನ್ನು ತಂದು ಬಿಡುವ ರಿಕ್ಷಾ ಗೊತ್ತು ಮಾಡಲು ಅವಳಿಗೆ ಮಗನೂ ಇಲ್ಲ. ತಂಗಿ, ಅಂದಳು. ಕೇಳಲಿಲ್ಲ. ಶ್ರೇಯಾ.

ಶ್ರೇಯಾ ಬಂದಳು, ಕ್ಯಾ ಹುವಾ ಅಜ್ಜಿ? ಚೀಲದಾಗ ಫೋನ ಐತಿ ತಗಿಯವಾ, ಎರಡರ ಗುಂಡಿ ಒತ್ತಿ ಹಿಡಿ, ಸುಭಾಷ ಒಂದಕ್ಕೆ ತನ್ನದು, ಎರಡಕ್ಕೆ ಶಿವಕುಮಾರಿಯದು ಹಾಕಿಕೊಟ್ಟಿದ್ದ, ಮೂರಕ್ಕೆ ಯಾರೂ ಇಲ್ಲ, ಶ್ರೇಯಾ ಒತ್ತಿ ಅವಳ ಕಿವಿಗೆ ಹಿಡಿದಳು, ರಿಂಗಾಯಿತು, ರಿಂಗಾಯಿತು, ಕಡೆಗೆ ಕಿವಿಯೊಳಗೆ ಗಮೇಲಾಗಳ ಸದ್ದು, ಯಾರೋ ನೀರು ಹೊಯ್ಯಿ ಅನ್ನುವುದು, ಆಮೇಲೆ ಶಿವಕುಮಾರಿಯ ಏದುಸಿರು, ಏನ ಹಾಲಕ್ಕಾ, ಮಿಷೀನ ಮ್ಯಾಲ ಕುಂತ ಫೋನ ಮಾಡೀಯಲ್ಲ, ಮ್ಯಾಲ ಹೊಂಟಿಯೇನ? ಇನ್ನ ಹೊಂಟಿಲ್ಲ, ಹೊಂಟ್ರ ಹೇಳತೀನಿ, ಸೆರಗಿನ ಗಂಟಿನಾಗಿನ ಗುಳಗಿ ನುಂಗೀಯೇನ? ಇಲ್ಲ, ಇನ್ನ ರೊಟ್ಟಿಗೆ ಬಿಟ್ಟಿಲ್ಲ. ಒಗಿ ಅದನ್ನ. ಯಾಕ, ತಪ್ಪ ಗುಳಗಿ ಕೊಟ್ಟಿಯೇನ? ಹೂಂ, ತಪ್ಪ ಕೊಟ್ಟೀನಿ, ಇವತ್ತಲ್ಲ, ನೀ ಬಂದ ದಿನದಿಂದ. ಆಚೆ ನಗು, ಈ ಮುದುಕಿಗೆ ತಲಿ ತಿರಗೇತಿ. ಶಿವಿ, ಕೇಳ, ನನ್ನ ಕಿಡ್ನಿ ಸಕ್ಕರಿಯಿಂದ ಹೋಗಿಲ್ಲ, ನನಗ ಸಕ್ಕರಿನ ಇಲ್ಲ, ಆ ಹಳದಿ ಗುಳಗಿ ತಿಂದಾವು, ಡಾಕ್ಟರ ಎರಡ ವರ್ಷದ ಹಿಂದ ಹೇಳ್ಯಾನ, ನಾ ನಿನಗ ಹೇಳಲಿಲ್ಲ. ಗಮೇಲಾದ ಸದ್ದು. ಯಾಕ ಹೇಳಲಿಲ್ಲ, ಅಂತ ಕೇಳಿತು, ಆ ದನಿಯಲ್ಲಿ ಈಗ ನಗುವಿಲ್ಲ, ಹಾಲವ್ವ ಉತ್ತರ ಹುಡುಕಿದಳು, ಒಂದೇ ಇತ್ತು, ನೀ ಬರೂದು ಬಿಡತೀ ಅಂತ. ಶ್ರೇಯಾ ಫೋನು ಹಿಡಿದ ಕೈ ಅಲುಗಿಸದೆ ನಿಂತಿದ್ದಾಳೆ, ಎಷ್ಟು ತಿಳಿಯಿತೋ ಅವಳಿಗೆ. ಶಿವಿ, ಅದೀಯೇನ? ಅದೀನಿ. ಹಂಗಾರ ಎಲ್ಲೆರ ಕುಂದರು, ಮುಕಾದಮ ಬೈಲಿ, ಕುಂದರು, ಕುಂತಿ? ಕುಂತೆ. ಕಣಕಾಲ ಮ್ಯಾಲ ಹೆಬ್ಬೆಟ್ಟ ಇಟ್ಟ ಒತ್ತು, ಗಟ್ಟಿ, ಹತ್ತ ಎಣಿಸೂತನಕ. ಎದಕ್ಕ ಹಾಲಕ್ಕಾ? ಒತ್ತವಾ. ಒಂದ, ಎರಡ, ಅವಳು ಎಣಿಸುವುದು ಕೇಳುತ್ತಿದೆ, ಇಂಡಿ ಕಡೆಯ ಹುಡುಗಿಯ ದನಿ, ಮಾಳಿಗೆ ಹತ್ತುವಾಗ ಮೆಟ್ಟಿಲು ಎಣಿಸುತ್ತಿದ್ದ ದನಿ, ಎಂಟ, ಒಂಬತ್ತ, ಹತ್ತ, ಹೆಬ್ಬೆಟ್ಟ ತಗಿ ಈಗ. ತಗದೆ. ಏನ ಕಾಣತೈತಿ? ಕುಳಿ ಬಿತ್ತ ನೋಡ. ತುಂಬಾಕತ್ತೇತೇನ? ನಿಂದರು, ನೋಡಾಕತ್ತೀನಿ. ನೋಡು. ಬಲಗಾಲಿನಲ್ಲಿ ತಂತಿ ಮತ್ತೆ ಎಳೆಯಿತು, ಎಳೆಯಲಿ, ತುಂಬೀತೇನ, ಇನ್ನ ಇಲ್ಲ, ಈಗ, ಇಲ್ಲ ಹಾಲಕ್ಕಾ, ಹಂಗ ಐತಿ, ಯಾಕ ತುಂಬವಲ್ಲದು, ಹಾಲಕ್ಕಾ, ಯಾಕ — ಹಾಲವ್ವನ ಕಣ್ಣೆದುರು ಸಿಮೆಂಟಿನ ಧೂಳು ಕೂತ ಕಣಕಾಲು, ಅದರ ಮೇಲೆ ಹೆಬ್ಬೆಟ್ಟಿನಷ್ಟಗಲ, ಒಳಗೆ ಬಿಸಿಲು ಬಿದ್ದು, ಕುಳಿ.